ನೀಲಕ್ಕನ ಚೀಲದ ಪುಸ್ತಕ

ಬೆಳಿಗ್ಗೆ ಆರೂಮುಕ್ಕಾಲು. ಬಂಟ್ವಾಳದ ಹೆಂಚಿನ ಮನೆಯೊಂದರ ಜಗಲಿಯಲ್ಲಿ ಹನ್ನೊಂದು ವರ್ಷದ ಶಹಲಾ ನೆಟ್ಟಗೆ ನಿಂತಿದ್ದಾಳೆ. ಎದುರಿಗೆ, ಬಾಯಿ ಮೂಗು ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡ ನೀಲಾವತಿ. ಮೊಣಕೈವರೆಗೆ ಸೋಪು ಹಾಕಿ ತೊಳೆದ ಕೈಯಿಂದ ಉಸಿರಿನ ಬಲ ಅಳೆಯುವ ಗೇಣುದ್ದದ ಪ್ಲಾಸ್ಟಿಕ್ ಕೊಳವೆಯನ್ನು ಹುಡುಗಿಗೆ ಕೊಡುತ್ತಾರೆ.

“ಉಸಿರು ತುಂಬ ಎಳಿ ಮಗಾ. ಇನ್ನೂ... ಹಾಂ, ಊದು!”

ಕೊಳವೆಯ ಮೇಲಿನ ಕೆಂಪು ಮುಳ್ಳು ಸರ್ರನೆ ಸರಿದು ನಿಲ್ಲುತ್ತದೆ.

“ಇದು ಊದಿದ್ದಾ, ನಿಟ್ಟುಸಿರು ಬಿಟ್ಟದ್ದಾ?”

“ನೀವೇ ಊದಿ ನೋಡಿ ನೀಲಕ್ಕ!”

“ನಾನು ಊದಿದ್ರೆ ಮುಳ್ಳು ಮಂಗಳೂರಿಗೆ ಹೋಗಿ ಬೀಳ್ತದೆ ಮಾರಾಯ್ತಿ. ಇನ್ನೊಮ್ಮೆ.”

ಮೂರು ಸಲ ಊದಬೇಕು. ಹೆಚ್ಚು ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಬೆಳಗಿನ ಔಷಧಿ ಅದಾದ ಮೇಲೆಯೇ.

ಶಹಲಾಗೆ 2003ರಲ್ಲಿ ರಕ್ತದ ಕ್ಯಾನ್ಸರ್‌ಗಾಗಿ ವೆಲ್ಲೂರಿನಲ್ಲಿ ಅಸ್ಥಿಮಜ್ಜೆ ಕಸಿಯಾಯಿತು. ಮಜ್ಜೆ ಕೊಟ್ಟವನು ಅಣ್ಣ ನವಾಝ್. ರಕ್ತ ಸರಿಯಾಯಿತು. ಆದರೆ ವರ್ಷದೊಳಗೆ ಅಣ್ಣನಿಂದ ಬಂದ ಹೊಸ ರಕ್ತಕಣಗಳೇ ಅವಳ ಶ್ವಾಸಕೋಶವನ್ನು ಪರಕೀಯವೆಂದು ಬಗೆದವು. ಒಳಗಿನ ಸಣ್ಣ ಗಾಳಿದಾರಿಗಳು ಬಿಗಿದುಕೊಂಡವು. ಬಿಗಿದದ್ದು ಮತ್ತೆ ತೆರೆದುಕೊಳ್ಳುವುದು ಕಷ್ಟ, ಇನ್ನಷ್ಟು ಬಿಗಿಯದಂತೆ ಕಾಯಬೇಕು. ಊದುವ ಅಂಕಿ ನೂರ ಅರವತ್ತಕ್ಕಿಂತ ಕೆಳಗಿಳಿದರೆ ಡಾಕ್ಟರು ಔಷಧಿ ಹೆಚ್ಚಿಸುತ್ತಾರೆ.

ಐವತ್ತರ ನೀಲಾವತಿ ಬಿ.ಸಿ.ರೋಡಿನ ಎದೆರೋಗ ಕ್ಲಿನಿಕ್ಕೊಂದರಲ್ಲಿ ಆಯಾ. ಓದಿದ್ದು ಏಳನೇ ತರಗತಿ. 1993ರವರೆಗೆ ಬೀಡಿ ಕಟ್ಟುತ್ತಿದ್ದರು. ತಂಬಾಕಿನ ಧೂಳಿಗೆ ಕೆಮ್ಮು ಹತ್ತಿ ಈ ಕ್ಲಿನಿಕ್ಕಿಗೆ ಬಂದವರು, ಗುಣವಾದ ಮೇಲೆ ಇಲ್ಲೇ ಗುಡಿಸುವ ಕೆಲಸಕ್ಕೆ ಸೇರಿದರು. ಊದಿಸುವುದನ್ನು ಡಾಕ್ಟರೇ ಕಲಿಸಿದ್ದು. ದಿನಕ್ಕೆ ಮೂವತ್ತು ಜನರನ್ನಾದರೂ ಊದಿಸುತ್ತಾರೆ. ತಮ್ಮೂರು ಲಾಯಿಲದಿಂದ ಮೊದಲ ಬಸ್ಸು ಹತ್ತಿದರೆ ಕಂಡಕ್ಟರ್ ಜತ್ತಪ್ಪ ಟಿಕೆಟ್ಟಿಗಿಂತ ಮೊದಲು ಕೇಳುತ್ತಾನೆ: “ನೀಲಕ್ಕ, ಪೀಪಿ ತಂದಿದ್ದೀರಾ?”

ಕಳೆದ ವರ್ಷದ ಮಳೆಗಾಲದಲ್ಲಿ ಶಹಲಾಳ ಅಂಕಿ ಮೂರು ವಾರ ನೂರೈವತ್ತರ ಆಸುಪಾಸಿನಲ್ಲೇ ಇತ್ತು. ಆಗ ಮನೆಯಲ್ಲಿ ಊದಿಸಿ ಬರೆಯುತ್ತಿದ್ದವಳು ತಾಯಿ ರುಕಿಯಾ. ಸ್ಟೀರಾಯ್ಡ್ ದುಪ್ಪಟ್ಟಾಯಿತು. ಮಗುವಿನ ಮುಖ ಊದಿತು, ನಿದ್ದೆ ಹೋಯಿತು. ಒಂದು ದಿನ ಕ್ಲಿನಿಕ್ಕಿನಲ್ಲಿ ನೀಲಾವತಿ ಸುಮ್ಮನೆ ಊದಿಸಿದರೆ ನೂರ ಎಂಬತ್ತು. ಅದೇ ಬೆಳಿಗ್ಗೆ ಪುಸ್ತಕದಲ್ಲಿದ್ದದ್ದು ನೂರೈವತ್ತು.

“ಮೂವತ್ತು ಕಡಿಮೆ ಬರಿ ಅಂತ ನಾನೇ ಹೇಳಿದ್ದು,” ಎಂದು ಅಜ್ಜಿ ಬೀಫಾತಿಮಾ ಇವತ್ತಿಗೂ ತಲೆ ತಗ್ಗಿಸುತ್ತಾರೆ. “ಮಗುವನ್ನು ನೋಡ್ಲಿಕ್ಕೆ ಬಂದವರೆಲ್ಲ ಪುಸ್ತಕ ಬಿಡಿಸ್ತಾರೆ. ‘ಓ, ಇಷ್ಟು ಉಂಟಾ!’ ಅಂತ ಒಬ್ಬಳು ಹೇಳಿದ್ದು, ಮರುದಿನವೇ ಜ್ವರ ಬಂತು. ದೃಷ್ಟಿ ತಾಗುವುದಿಲ್ವಾ?”

ನೀಲಾವತಿ ಬೈಯಲಿಲ್ಲ. “ಯಾರಿಗೆ ಬೈಯುವುದು? ಮಗು ಉಳೀಲಿ ಅಂತಲೇ ಮಾಡಿದ್ದಲ್ವಾ. ಆದ್ರೆ ಸುಳ್ಳು ಅಂಕಿಗೆ ಸತ್ಯದ ಮಾತ್ರೆ ಕೊಟ್ರೆ ಮಗು ಎಲ್ಲಿಗೆ ಹೋಗ್ಬೇಕು?”

ಡಾಕ್ಟರಿಗೆ ವಿಷಯ ತಿಳಿಸಿದರು. ಮಾತ್ರೆ ಮೆಲ್ಲಮೆಲ್ಲನೆ ಇಳಿಯಿತು. ಅಂದಿನಿಂದ ಕ್ಲಿನಿಕ್ ತೆರೆಯುವ ಮೊದಲು ನೀಲಾವತಿಯೇ ಇಲ್ಲಿಗೆ ಬರುತ್ತಾರೆ. ಇದಕ್ಕೆ ಬೇರೆ ಸಂಬಳವಿಲ್ಲ. ತನಗೆ ಶೀತವಾದರೆ ಮಗುವಿಗೆ ಅಂಟದಿರಲೆಂದು ಅಂಗಳದಲ್ಲೇ ನಿಲ್ಲುತ್ತಾರೆ, ರುಕಿಯಾ ಕಿಟಕಿಯಿಂದ ಕೊಳವೆ ತೋರಿಸುತ್ತಾಳೆ. ಅಜ್ಜಿಯೊಂದಿಗೆ ಒಂದು ಒಪ್ಪಂದವಾಗಿದೆ: ಬಂದದ್ದನ್ನೇ ಬರೆಯಬೇಕು, ಬಾಯಲ್ಲಿ ಹೇಳಬಾರದು. ಪುಸ್ತಕ ನೀಲಾವತಿಯ ಚೀಲದಲ್ಲೇ ಇರುತ್ತದೆ.

ಮೂರನೆಯ ಸಲ ಊದಿ ಶಹಲಾ ಕೆಮ್ಮುತ್ತಾ ಕೂರುತ್ತಾಳೆ. ನೀಲಾವತಿ ಮುಳ್ಳು ನೋಡುತ್ತಾರೆ, ಕಣ್ಣು ಕಿರಿದಾಗಿಸಿ ಮತ್ತೊಮ್ಮೆ ನೋಡಿ ಬರೆಯುತ್ತಾರೆ. ಬಾಗಿಲ ಬಳಿ ಅಜ್ಜಿ ಉಸಿರು ಹಿಡಿದು ನಿಂತಿದ್ದಾರೆ.

“ಎಷ್ಟು ಬಂತು?” ಪತ್ರಿಕೆಗೆ ಬರೆಯಲೆಂದು ಬಂದ ನಾನು ಕೇಳಿಯೇಬಿಡುತ್ತೇನೆ.

ನೀಲಾವತಿ ಅಜ್ಜಿಯತ್ತ ನೋಡಿ, “ಪರವಾಗಿಲ್ಲ,” ಎಂದಷ್ಟೇ ಹೇಳಿ ಪುಸ್ತಕವನ್ನು ನನ್ನ ಕಡೆ ತಿರುಗಿಸುತ್ತಾರೆ. ನಾನು ಓದುತ್ತೇನೆ. ಅಜ್ಜಿ ಉಸಿರು ಬಿಟ್ಟು ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಾರೆ.

“ನೀವೂ ಪೇಪರಲ್ಲಿ ಹಾಕ್ಬೇಡಿ,” ಎನ್ನುತ್ತಾರೆ ನೀಲಾವತಿ, ಪುಸ್ತಕವನ್ನು ಚೀಲಕ್ಕಿಳಿಸುತ್ತಾ. “ನನ್ನ ಪುಸ್ತಕದಲ್ಲಿ ಸರಿಯಾಗಿ ಉಂಟು. ಅಷ್ಟು ಸಾಕು.”