ಕ್ಯಾಸೆಟ್ಟಿನ ಖಾಲಿ ತುದಿ

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೊ ರಿಪೇರಿ ಮಾಡುವವರೊಬ್ಬರಿದ್ದರು. ತಂತಿ ಮುಟ್ಟುವ ಮೊದಲು ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡು, ‘ಮೊದಲ ಫ್ಯೂಜ್, ಆಮ್ಯಾಲ ಹಾಡು’ ಅನ್ನುತ್ತಿದ್ದರು.

ಕರೆಂಟಿಲ್ಲದ ಒಂದು ದಿನ, ತೀರಿಕೊಂಡ ಅಕ್ಕನ ದನಿ ಕೇಳುವ ಆಸೆಗೆ ನಾನು ಆರು ವೋಲ್ಟಿನ ಟೇಪ್‌ರೆಕಾರ್ಡರನ್ನು ಟ್ರ್ಯಾಕ್ಟರ್ ಬ್ಯಾಟರಿಗೆ ನೇರವಾಗಿ ಜೋಡಿಸಿ ಸುಟ್ಟೆ. ಕ್ಯಾಸೆಟ್ ಒಳಗೇ ಸಿಕ್ಕಿಕೊಂಡಿತು. ಹಾಗೇ ಅವರ ಹತ್ತಿರ ಒಯ್ದೆ.

‘ಅದು ಹನ್ನೆರಡರ ಬ್ಯಾಟರಿ ತಂಗಿ, ಇದಕ್ಕ ಆರ ಸಾಕು,’ ಎಂದಷ್ಟೇ ಹೇಳಿ, ಕ್ಯಾಸೆಟ್ ಬಿಡಿಸಿ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿ, ವೋಲ್ಟೇಜ್ ಇಳಿಸುವ ಪುಟ್ಟ ಡಬ್ಬಿಯನ್ನೂ ಫ್ಯೂಜನ್ನೂ ಕೂಡಿಸಿದರು. ಪರೀಕ್ಷೆಗೆಂದು ಕ್ಯಾಸೆಟ್ಟಿನ ಖಾಲಿ ತುದಿಯಲ್ಲಿ ತಮ್ಮದೇ ಮಾತು ತುಂಬಿ ಕೇಳಿದರು. ‘ಅಕ್ಕನ ಕ್ಯಾಸೆಟ್‌ನ್ಯಾಗ ನಂದ್ಯಾಕ’ ಎಂದು ಅಳಿಸಿಬಿಟ್ಟರು.

ಅವರೂ ಈಗಿಲ್ಲ. ಅಕ್ಕನ ಮಾತು ಮುಗಿದ ಮೇಲೆ ಕ್ಯಾಸೆಟ್ಟಿನಲ್ಲಿ ಬರೀ ಗುಂಯ್ ಎನ್ನುವ ಸದ್ದು. ಆ ಸದ್ದು ಮುಗಿಯುವವರೆಗೂ ನಾನು ಟೇಪ್ ಬಂದ್ ಮಾಡುವುದಿಲ್ಲ.