ನೀಲವ್ವನ ಬೆರಳು, ಟೆರೇಸಿನ ಡ್ರಮ್ಮು

ನೀಲವ್ವ ಯಾರ ಮನೆಗೆ ಬಂದರೂ ಮೊದಲು ಕುಂಡದ ಮಣ್ಣಿಗೆ ಬೆರಳು ಹಾಕುತ್ತಿದ್ದಳು. ಎರಡು ಗೆಣ್ಣು ಒಳಗೆ. ಮಾತು, ಚಹಾ ಎಲ್ಲ ಆಮೇಲೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಫ್ಲ್ಯಾಟುಗಳ ಸೊಸೈಟಿಯ ವಾಚ್‌ಮನ್ನನ ಹೆಂಡತಿ, ವಿಜಯಪುರದ ಕಡೆಯವಳು. ನಾನು ಉಡುಪಿಯವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು; ಆದರೂ ಗಿಡದ ವಿಷಯ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ. ದಿನಕ್ಕೆರಡು ಸಲ ನೀರು ಹೊಯ್ದು ಹೊಯ್ದು ನನ್ನ ಮಲ್ಲಿಗೆಯ ಎಲೆಯೆಲ್ಲ ಹಳದಿಯಾಗಿತ್ತು.

"ಅಮ್ಮಾರ, ಒಳಗ ಕೆಸರ ಆಗ್ಯಾದ. ಹೊಟ್ಟಿ ತುಂಬಿದ ಕೂಸಿನ ಬಾಯಾಗ ಮತ್ತ ತುರಕಾಕ ಹತ್ತೀರಲ್ರೀ!"

"ನೀನೆಂತ ನನಗೆ ಹೇಳುವುದು ಮಾರಾಯ್ತಿ?"

ಅವಳು ಕೇಳಲಿಲ್ಲ. ಕುಂಡ ಬೋರಲು ಹಾಕಿ, ಅಡಿಯ ತೂತು ಬಿಡಿಸಿ, ತನ್ನ ಡ್ರಮ್ಮಿನ ಗೊಬ್ಬರ ಕಲಸಿ ನೆಟ್ಟಳು. ತಿಂಗಳೊಳಗೆ ಮೊಗ್ಗು. ನಾನು ಹೊಗಳಲಿಲ್ಲ, ನನಗೆ ಅಭ್ಯಾಸವಿಲ್ಲ.

ಆ ಡ್ರಮ್ಮು ಟೆರೇಸಿನಲ್ಲಿತ್ತು. ಎಲ್ಲ ಮನೆಗಳ ಸಿಪ್ಪೆಯ ಬಕೆಟ್ಟು ಅವಳೇ ತಂದು ಸುರಿದು, ಮೇಲೆ ಒಣ ಎಲೆ ಮುಚ್ಚುತ್ತಿದ್ದಳು. "ಮಂದಿ ಮನಿ ಕಟ್ಟಾಕ ಮಣ್ಣ ಹೊತ್ತ ಹೊತ್ತ ಬೆನ್ನ ಮುರಕೊಂಡೀನಿ. ಇದೊಂದ ನಾ ಮಾಡಿದ ಮಣ್ಣ" ಎನ್ನುತ್ತಿದ್ದಳು.

ಶ್ರಾವಣದಲ್ಲಿ ಸೊಸೈಟಿಯ ಮೀಟಿಂಗ್ ಆಯಿತು. "ಡ್ರಮ್ಮು ನಾರುತ್ತದೆ, ನಾಳೆಯೇ ಬಿಸಾಡಬೇಕು" ಎಂದರು ಸೆಕ್ರೆಟರಿ. ನೀಲವ್ವನ ಮುಖ ಸಣ್ಣದಾಯಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರಾಠಿಯಲ್ಲಿ ಒಂದೇ ಮಾತು ಕೇಳಿದಳು: "ಬಿಸಾಡ್ತೇನೆ ಸಾಹೇಬ್. ಮೊದಲು ಎಲ್ಲರ ಮುಂದೆ ಸುರುವಿ, ಯಾರ ಬಕೆಟ್ಟಿಂದ ಏನು ಬಂತು ಅಂತ ತೋರಿಸಲಾ?"

ಶ್ರಾವಣವಿಡೀ ಶುದ್ಧ ಶಾಕಾಹಾರಿ ಎಂದು ಸೆಕ್ರೆಟರಿಗೆ ಹೆಸರು. ಅದೇ ವಾರ ಅವರ ಬಕೆಟ್ಟಿನಲ್ಲಿ ಮೊಟ್ಟೆಯ ಚಿಪ್ಪು ಇರುವುದನ್ನು ನಾನೇ ಕಂಡಿದ್ದೆ. ಅವರು ಕೆಮ್ಮಿದರು. ಖಜಾಂಚಿ ಫ್ಯಾನ್ ನೋಡಿದರು. ನನಗೂ ಬೆವರು! ನನಗೆ ಸಕ್ಕರೆ ಕಾಯಿಲೆ. ಮಗನಿಗೆ ಗೊತ್ತಾಗದಂತೆ ಕದ್ದು ತಿಂದ ಮಾವಿನ ಗೊರಟೆಲ್ಲ ಬೇಸಗೆಯಿಡೀ ಅದೇ ಡ್ರಮ್ಮಿಗೆ ಹೋಗಿತ್ತು. "ಡ್ರಮ್ಮು ಇರಲಿ!" ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಒಂದು ಕೈಯೂ ಕೆಳಗೆ ಉಳಿಯಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು.

ದೀಪಾವಳಿಯ ಹೊತ್ತಿಗೆ ಅವಳ ಗಂಡನಿಗೆ ಬದಲಾಪುರದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಬಂದವಳು ಮೊದಲು ಮಲ್ಲಿಗೆಗೆ ಬೆರಳು ಹಾಕಿದಳು. ಆಮೇಲೆ ನನ್ನ ಮಗನ ಎದುರಿಗೇ ಒಂದು ಡಬ್ಬ ನನ್ನ ಕೈಗಿಟ್ಟಳು. ಅದರಲ್ಲಿ ಗೇಣುದ್ದದ ಮಾವಿನ ಸಸಿ. ಬುಡಕ್ಕೆ ಗೊರಟು ಇನ್ನೂ ಅಂಟಿಕೊಂಡಿತ್ತು.

"ಡ್ರಮ್ಮಿನ್ಯಾಗ ಹುಟ್ಯಾದ್ರಿ. ಯಾರ ಮನೀದೋ ಏನೋ! ನೀವ ಸಾಕ್ರಿ ಅಮ್ಮಾರ." ನಗಲೇ ಇಲ್ಲ, ಕಳ್ಳಿ.

ಮಗ ಗೊರಟು ನೋಡಿದ, ನನ್ನನ್ನು ನೋಡಿದ. "ಅಮ್ಮಾ?" ಎಂದ.

"ಮೊದಲು ಒಂದು ಕುಂಡ ತಾ" ಎಂದೆ.

ಈಗ ಡ್ರಮ್ಮಿಗೆ ಒಣ ಎಲೆ ಹಾಕುವವಳು ನಾನು. ಯಾರ ಬಕೆಟ್ಟಿನಲ್ಲಿ ಏನು ಬರುತ್ತದೆ, ಹೇಳುವುದಿಲ್ಲ. ಸಸಿಗೆ ಹನ್ನೊಂದು ಎಲೆ. ಬೆಳಿಗ್ಗೆ ಚೊಂಬು ಹಿಡಿದು ಹೋಗಿ ಮೊದಲು ಬೆರಳು ಹಾಕುತ್ತೇನೆ. ಎಷ್ಟೋ ದಿನ ನೀರು ಚೊಂಬಿನಲ್ಲೇ ವಾಪಸು ಬರುತ್ತದೆ.