ಬೋರಲಿಂಗಯ್ಯನವರ ಮಗಳು ಪೈಲಟ್ ಆದದ್ದು

ವಿಮಾನ ಹತ್ತಿದರೆ ಬೋರಲಿಂಗಯ್ಯನವರ ಹೊಟ್ಟೆ ತೊಳಸುತ್ತಿತ್ತು. ಮಂಡ್ಯಕ್ಕೆ ಹೋಗಿಬರಲೇಬೇಕಾದ ವರ್ಷಗಳಲ್ಲಿ ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣದಿಂದ ಬೆಂಗಳೂರಿನವರೆಗೂ ಕಣ್ಣು ಮುಚ್ಚಿ, ಕಾಗದದ ಚೀಲವನ್ನು ಕೈಯಲ್ಲೇ ಹಿಡಿದು ಕೂತಿರುತ್ತಿದ್ದರು. ಪಕ್ಕದಲ್ಲಿ ಹೆಂಡತಿ ರಾಜಿ ಅವರ ಪಾಲಿನ ಊಟವನ್ನೂ ತಾನೇ ಮುಗಿಸಿ, ಒಂದಾದ ಮೇಲೊಂದು ಸಿನಿಮಾ ನೋಡುತ್ತಿದ್ದಳು. ನ್ಯೂಯಾರ್ಕಿನ ಸಬ್‌ವೇ ಸಿಗ್ನಲ್ ಎಂಜಿನಿಯರ್ ಆಗಿ ಸುರಂಗಗಳಲ್ಲೇ ನೌಕರಿ ಮುಗಿಸಿದ ಮನುಷ್ಯ ಅವರು. ಕಾಲ ಕೆಳಗೆ ನೆಲವಿಲ್ಲದಿದ್ದರೆ ನೆಮ್ಮದಿಯಿಲ್ಲ.

ಅವರಿಗೆ ಒಬ್ಬಳೇ ಮಗಳು, ಮಂಜರಿ. ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನಲ್ಲಿರುವ ಅವರ ಮನೆಯಲ್ಲೇ ಹುಟ್ಟಿ ಬೆಳೆದವಳು. ಕಾಲೇಜಿನ ಎರಡನೆಯ ವರ್ಷದಲ್ಲಿ ಓದು ನಿಲ್ಲಿಸಿ, ಯಾರನ್ನೂ ಕೇಳದೆ ಅಮೆರಿಕದ ಆರ್ಮಿಗೆ ಸೇರಿಬಿಟ್ಟಳು. ಹೆಲಿಕಾಪ್ಟರುಗಳಿಗೆ ಇಂಧನ ತುಂಬುವುದು ಅವಳ ಕೆಲಸ. ತಲೆಯ ಮೇಲೆ ರೆಕ್ಕೆ ತಿರುಗುತ್ತಿರುವಾಗಲೇ ಬಗ್ಗಿ ಓಡಿ ಹೋಗಿ ಪೈಪು ಸಿಕ್ಕಿಸಬೇಕು. ಟೆಕ್ಸಾಸ್, ಆಮೇಲೆ ಕುವೈತ್. ಆ ವರ್ಷಗಳಲ್ಲಿ ಅಪ್ಪ-ಮಗಳ ಮಾತು ಅಷ್ಟಕ್ಕಷ್ಟೇ. ಅವಳು ಫೋನ್ ಮಾಡಿದರೆ ಬೋರಲಿಂಗಯ್ಯ, "ಊಟ ಆಯ್ತಾ? ತಡಿ, ಅಮ್ಮಂಗೆ ಕೊಡ್ತೀನಿ" ಎಂದು ಫೋನನ್ನು ರಾಜಿಯ ಕೈಗಿಡುತ್ತಿದ್ದರು.

ಪೂರ್ಣಾವಧಿ ಸೇವೆ ಮುಗಿಸಿ ಮಂಜರಿ ವಾಪಸಾದಳು. ತಿಂಗಳಲ್ಲಿ ಒಂದೆರಡು ದಿನವಷ್ಟೇ ಕರ್ತವ್ಯವಿರುವ ಆರ್ಮಿ ರಿಸರ್ವ್‌ನಲ್ಲಿ ಸಾರ್ಜೆಂಟ್ ಆಗಿದ್ದುಕೊಂಡೇ ಡಿಗ್ರಿ ಮುಗಿಸಿದಳು. ಪಕ್ಕದ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರಿನ ಒಂದು ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಅಪಾರ್ಟ್‌ಮೆಂಟ್ ಮಾಡಿದಳು. ಅಂತೂ ಹುಡುಗಿ ದಾರಿಗೆ ಬಂದಳು ಎಂದು ಬೋರಲಿಂಗಯ್ಯ ಉಸಿರು ಬಿಡುವಷ್ಟರಲ್ಲಿ, ಒಂದು ಭಾನುವಾರ ಅವಳು ಊಟಕ್ಕೆ ಬಂದವಳೇ ತಟ್ಟೆಯ ಮುಂದೆ ಕೂತು ಹೇಳಿದಳು:

"ಅಪ್ಪಾ, ಐಯಾಮ್ ಲೀವಿಂಗ್ ದಿ ಆರ್ಮಿ."

"ಒಳ್ಳೇದಾಯ್ತು ಕಣವ್ವ."

"ಏರ್‌ಫೋರ್ಸ್ ರಿಸರ್ವ್‌ಗೆ ಅಪ್ಲೈ ಮಾಡ್ತಿದೀನಿ. ಪೈಲಟ್ ಆಗಕ್ಕೆ."

ಬೋರಲಿಂಗಯ್ಯನವರ ಕೈಯಲ್ಲಿದ್ದ ಮುದ್ದೆ ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಒಂದು ಸಾಲ್ದು ಅಂತ ಇನ್ನೊಂದಾ? ಕೆಲ್ಸ ಏನ್ ಮಾಡ್ತೀಯ?"

"ಜಾಬ್ ಹಾಗೇ ಇರತ್ತೆ. ಟ್ರೈನಿಂಗ್‌ಗೆ ಲೀವ್ ಕೊಡ್ತಾರೆ. ಆಮೇಲೆ ತಿಂಗಳಲ್ಲಿ ಕೆಲವು ದಿನ ಹೋಗಿ ಫ್ಲೈ ಮಾಡೋದು. ಟ್ಯಾಂಕರ್ ಅಪ್ಪಾ. ಹಾರ್ತಾ ಇರೋ ಪ್ಲೇನ್ಸ್‌ಗೆ ಗಾಳಿಯಲ್ಲೇ ಫ್ಯೂಯಲ್ ಕೊಡೋದು."

"ಅಂದ್ರೆ ಆಕಾಶದಲ್ಲಿ ಪೆಟ್ರೋಲ್ ಬಂಕು!" ಎಂದಳು ರಾಜಿ, ಸಾರಿನ ಪಾತ್ರೆ ಹಿಡಿದುಕೊಂಡೇ.

ಮಂಜರಿ ನಕ್ಕಳು. ಅಪ್ಪ ನಗಲಿಲ್ಲ. ಅವಳು ಮೆಲ್ಲಗೆ ಹೇಳಿದಳು: "ಕುವೈತಲ್ಲಿ ಹೆಲಿಕಾಪ್ಟರ್‌ಗೆ ಫ್ಯೂಯಲ್ ಹಾಕ್ತಿದ್ವಲ್ಲ, ದೆ ವುಡ್ ಟೇಕ್ ಆಫ್, ನಾನು ಧೂಳಲ್ಲಿ ನಿಂತು ನೋಡ್ತಿದ್ದೆ. ಎವೆರಿ ಟೈಮ್. ಐ ವಾಂಟೆಡ್ ಟು ಗೋ ವಿತ್ ದೆಮ್."

ಬೋರಲಿಂಗಯ್ಯ ಊಟ ಮುಗಿಸಿ ಕೈ ತೊಳೆದರು. ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಅದಕ್ಕೆ ಎಕ್ಸಾಮು ಗಿಕ್ಸಾಮು ಇರತ್ತಾ?"

ಇತ್ತು. ಅದರಲ್ಲಿ ಗಣಿತವಿತ್ತು, ಮಂಜರಿಗೆ ಗಣಿತವೆಂದರೆ ಚಿಕ್ಕಂದಿನಿಂದ ದಿಗಿಲು. ಮುಂದಿನ ಭಾನುವಾರದಿಂದ ಅಡುಗೆಮನೆಯ ಮೇಜು ಪಾಠಶಾಲೆಯಾಯಿತು. ಅಪ್ಪ ಹೇಳಿಕೊಡುವರು, ಮಗಳು ತಪ್ಪುವಳು, ಇಬ್ಬರೂ ಕಿರುಚಾಡುವರು. ರಾಜಿ ಕಾಫಿ ತಂದಿಟ್ಟು ಜಗಳ ಬಿಡಿಸುವಳು. ಕೋನ, ವೇಗ, ದೂರಗಳ ನೆಪದಲ್ಲಿ ಆ ಮನೆಯಲ್ಲಿ ಬಹಳ ಕಾಲದ ಮೇಲೆ ಗಟ್ಟಿ ದನಿ ಕೇಳಿಸಿತು.

ಪರೀಕ್ಷೆ ಪಾಸಾಯಿತು. ಆದರೆ ಮೊದಲ ಸಲದ ಆಯ್ಕೆಯಲ್ಲಿ ಅವಳ ಹೆಸರು ಬರಲಿಲ್ಲ. ಅದು ಗೊತ್ತಾದ ಸಂಜೆ ಮಗಳಿಗಿಂತ ಹೆಚ್ಚು ಕೆರಳಿದವರು ಬೋರಲಿಂಗಯ್ಯ. "ಯಾಕಂತೆ? ನಿಂಗೇನು ಕಮ್ಮಿ ಆಗಿದೆ? ಯಾರವ್ನು ಸೆಲೆಕ್ಟ್ ಮಾಡೋನು?" ಎಂದು ಮನೆಯೆಲ್ಲಾ ಓಡಾಡಿದರು. ಫೋನಿನ ಆ ಕಡೆ ಅಳುತ್ತಿದ್ದ ಮಂಜರಿಗೆ ನಗು ಬಂದುಬಿಟ್ಟಿತು.

ಎರಡನೆಯ ಸಲ ಆಯ್ಕೆಯಾದಳು. ಆಗ ಆರ್ಮಿಯ ಕ್ಯಾಪ್ಟನ್ ಬಿಟ್ಟುಕೊಡಲು ಒಪ್ಪಲಿಲ್ಲ. "ನಿನ್ನಂಥ ಸಾರ್ಜೆಂಟನ್ನ ಎಲ್ಲಿಂದ ತರಲಿ?" ಎನ್ನುತ್ತಾ ತಿಂಗಳುಗಟ್ಟಲೆ ತಳ್ಳಿದ. ಕೊನೆಗೆ ಅವಳು ತನ್ನ ಕೆಲಸವನ್ನು ಇನ್ನೊಬ್ಬಳಿಗೆ ಪೂರ್ತಿ ಕಲಿಸಿ, ಆ ಹುಡುಗಿಯನ್ನು ಅವನೆದುರು ನಿಲ್ಲಿಸಿದ ಮೇಲೆ ಸಹಿ ಹಾಕಿದ. ಕೈಕುಲುಕಿ, "ಹೋಗು, ನಮ್ಮನ್ನ ಮರೀಬೇಡ" ಎಂದನಂತೆ.

ಆಲಬಾಮಾದಲ್ಲಿ ಆಫೀಸರ್ ತರಬೇತಿ ಸರಾಗವಾಗಿ ಮುಗಿಯಿತು. ಸಾರ್ಜೆಂಟ್ ಆಗಿದ್ದವಳಿಗೆ ಅದೇನೂ ಹೊಸದಲ್ಲ. ಎಡವಿದ್ದು ಒಕ್ಲಹೋಮದಲ್ಲಿ, ವಿಮಾನ ಹತ್ತಿದ ಮೇಲೆ. ಮೊದಲ ಹಾರಾಟದಲ್ಲೇ ವಾಂತಿ. ಎರಡನೆಯದರಲ್ಲೂ, ಮೂರನೆಯದರಲ್ಲೂ. ಹೀಗೇ ಆದರೆ ಮನೆಗೆ ಕಳಿಸುತ್ತಾರೆ.

ಅವಳು ವಿಡಿಯೋ ಕಾಲ್ ಮಾಡಿದಾಗ ಮುಖ ಬಿಳಿಚಿಕೊಂಡಿತ್ತು. ಬೋರಲಿಂಗಯ್ಯ ನೋಡಿದವರೇ ಹಣೆ ಚಚ್ಚಿಕೊಂಡರು. "ಅಯ್ಯೋ, ನನ್ ಹೊಟ್ಟೇನೇ ಬಂದೈತಲ್ಲೋ ನಿಂಗೆ!"

"ಡಾಕ್ಟರ್ ಒಂದು ಸ್ಪಿನ್ನಿಂಗ್ ಚೇರಲ್ಲಿ ಕೂರಿಸಿ ತಿರುಗಿಸ್ತಾರೆ ಅಪ್ಪಾ. ಬಾಡಿ ಅಡ್ಜಸ್ಟ್ ಆಗ್ಬೇಕು ಅಂತ. ಐ ಹೇಟ್ ಇಟ್. ಐ ಡೋಂಟ್ ಥಿಂಕ್ ಐ ಕ್ಯಾನ್."

"ಹೆಂಗೆ ತಿರುಗಿಸ್ತಾರೆ?"

ಅವಳು ವಿವರಿಸಿದಳು. ಕಣ್ಣು ಮುಚ್ಚಿರಬೇಕು, ತಿರುಗುತ್ತಿರುವಾಗ ತಲೆಯನ್ನು ಆ ಕಡೆ ಈ ಕಡೆ ವಾಲಿಸಬೇಕು. ಬೋರಲಿಂಗಯ್ಯ ಫೋನನ್ನು ಬೇಸ್‌ಮೆಂಟಿನ ಮೇಜಿನ ಮೇಲೆ ಒರಗಿಸಿ, ತಮ್ಮ ಹಳೆಯ ಆಫೀಸ್ ಕುರ್ಚಿಯಲ್ಲಿ ಕೂತರು. ಕಣ್ಣು ಮುಚ್ಚಿ, ಕಾಲಿನಿಂದ ನೆಲವನ್ನೊದ್ದು ತಿರುಗತೊಡಗಿದರು.

"ಅಪ್ಪಾ, ವಾಟ್ ಆರ್ ಯು ಡೂಯಿಂಗ್! ಸ್ಟಾಪ್!"

"ನೀನೊಬ್ಳೇ ಯಾಕೆ ತಿರುಗ್ಬೇಕು? ಅರುವತ್ತೈದರ ಮುದುಕ ತಡ್ಕೊಂಡ್ರೆ ನೀನು ತಡ್ಕೊಳಲ್ವಾ?"

ನಾಲ್ಕನೆಯ ಸುತ್ತಿಗೆ ಕುರ್ಚಿ ವಾಲಿತು, ಮನುಷ್ಯ ಉರುಳಿದರು. ಸದ್ದು ಕೇಳಿ ಮೆಟ್ಟಿಲಿಳಿದು ಓಡಿಬಂದ ರಾಜಿ, "ರೀ! ಸೊಂಟ ಮುರ್ಕೊಂಡ್ರೆ ನಿಮ್ಮನ್ನ ಯಾರು ಎತ್ತೋರು?" ಎಂದು ಬೈಯುತ್ತಲೇ ಎತ್ತಿ ಕೂರಿಸಿದಳು. ಒಕ್ಲಹೋಮದಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು.

ಮರುದಿನವೂ ಅವರು ಕೂತರು. ಅದರ ಮರುದಿನವೂ. ಅಲ್ಲಿ ಅವಳು, ಇಲ್ಲಿ ಇವರು. ರಾಜಿ ಹಿಲ್‌ಸೈಡ್ ಅವೆನ್ಯೂನ ಇಂಡಿಯನ್ ಅಂಗಡಿಯಿಂದ ಶುಂಠಿ ತಂದು, ಹೆಚ್ಚಿ, ನಿಂಬೆರಸ ಉಪ್ಪಿನಲ್ಲಿ ನೆನೆಸಿ ಒಣಗಿಸಿ ಪಾರ್ಸಲ್ ಕಳಿಸಿದಳು. ಕುರ್ಚಿಯೋ ಶುಂಠಿಯೋ ಅಪ್ಪನ ಹಟವೋ, ಎರಡು ವಾರದ ಮೇಲೆ ಮೆಸೇಜ್ ಬಂತು: ಇವತ್ತು ಏನೂ ಆಗಲಿಲ್ಲ, ವಿಮಾನವನ್ನು ತಲೆಕೆಳಗು ಮಾಡಿದೆ. ಬೋರಲಿಂಗಯ್ಯ ಆ ಮೆಸೇಜನ್ನು ಪಕ್ಕದ ಮನೆಯವರಿಗೂ ತೋರಿಸಿ ಬಂದರು. ಅವರ ತಲೆಸುತ್ತು ಮಾತ್ರ ಕಡಿಮೆಯಾಗಲಿಲ್ಲ.

ತರಬೇತಿ ಮುಗಿದ ದಿನದ ಸಮಾರಂಭಕ್ಕೆ ಗಂಡ ಹೆಂಡತಿ ಒಕ್ಲಹೋಮಕ್ಕೆ ಹಾರಿದರು. ಹೋಗುವ ದಾರಿಯುದ್ದಕ್ಕೂ ಬೋರಲಿಂಗಯ್ಯ ಚೀಲ ಹಿಡಿದೇ ಕೂತಿದ್ದರು. ವೇದಿಕೆಯ ಮೇಲೆ ಮಗಳ ಎದೆಗೆ ಪೈಲಟ್‌ಗಳ ಬೆಳ್ಳಿಯ ರೆಕ್ಕೆಯ ಪದಕ ಚುಚ್ಚುವ ಕೆಲಸ ಅಪ್ಪನದು; ಅವರು ಅದನ್ನು ತಲೆಕೆಳಗಾಗಿ ಚುಚ್ಚಿದರು. ಮಂಜರಿ ಯಾರಿಗೂ ಕೇಳಿಸದಂತೆ, "ಅಪ್ಪಾ, ಉಲ್ಟಾ" ಎಂದಳು. ತಿರುಗಿಸಿ ಚುಚ್ಚಿದರು.

ವಾಪಸ್ ವಿಮಾನ ಹತ್ತಲು ಅವರು ಸುತರಾಂ ಒಪ್ಪಲಿಲ್ಲ. ಮಂಜರಿಗೆ ರಜೆಯಿತ್ತು. ತನ್ನ ಕಾರಿನಲ್ಲೇ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಡ್ರೈವ್ ಮಾಡಿದಳು. ಹಿಂದಿನ ಸೀಟಿನಲ್ಲಿ ರಾಜಿಗೆ ನಿದ್ದೆ. ಮಿಸ್ಸೌರಿ ದಾಟುವಾಗ, ರಸ್ತೆಯ ಎರಡೂ ಕಡೆ ಮುಸುಕಿನ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದಾಗ ಬೋರಲಿಂಗಯ್ಯ ಕೇಳಿದರು:

"ಕುವೈತಲ್ಲಿ ಏನ್ ತಿಂತಿದ್ದೆ ಮಗಾ? ಸೆಕೆ ಜಾಸ್ತಿ ಇತ್ತಾ?"

ಇಷ್ಟು ವರ್ಷ ಕೇಳದಿದ್ದ ಮಾತು ಅದು. ಮಂಜರಿ ಒಂದು ಕ್ಷಣ ಅವರ ಕಡೆ ನೋಡಿ, ಮತ್ತೆ ರಸ್ತೆಯ ಮೇಲೆ ಕಣ್ಣಿಟ್ಟಳು. ಆಮೇಲೆ ನಿಧಾನವಾಗಿ, ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಂತು ಹುಡುಕಿಕೊಳ್ಳುತ್ತಾ, ಕನ್ನಡದಲ್ಲೇ ಹೇಳತೊಡಗಿದಳು. ಎರಡು ರಾಜ್ಯ ದಾಟಿ ಇಂಡಿಯಾನಾ ಬಂದರೂ ಅವಳ ಕತೆ ಮುಗಿದಿರಲಿಲ್ಲ.